‘ಸಜೆಸ್ಟ್’ ಎಲ್ಲಿ, ಹೇಗೆ? ಪ್ರಬಂಧ ತಿದ್ದುವ ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ರಮ್ಯಾ: ಮೇಡಂ, ‘ಸಜೆಸ್ಟ್ ಮಿ ಎ ಟಾಪಿಕ್’ ಸರಿಯಾ?

ಸಂಪಾದಕಿ: ತಪ್ಪು. ಕನ್ನಡದಲ್ಲಿ ‘ನನಗೊಂದು ವಿಷಯ ಸೂಚಿಸಿ’ ಅನ್ನುತ್ತೇವಲ್ಲ, ಆ ‘ನನಗೆ’ ಇಂಗ್ಲಿಷಿಗೂ ನುಸುಳುತ್ತದೆ. ‘ಸಜೆಸ್ಟ್ ಎ ಟಾಪಿಕ್’ ಸಾಕು. ಯಾರಿಗೆಂದು ಹೇಳಲೇಬೇಕಿದ್ದರೆ ಕೊನೆಗೆ ‘ಟು ಮಿ’.

ಕಿರಣ್: ‘ಸಜೆಸ್ಟೆಡ್ ಟು ಯೂಸ್’?

ಸಂಪಾದಕಿ: ಇಲ್ಲ. ‘ಸಜೆಸ್ಟೆಡ್ ಯೂಸಿಂಗ್’.

ಅನಿತಾ: 40 ವಿದ್ಯಾರ್ಥಿಗಳ ನಿದ್ದೆಯ ಅವಧಿ ಕೇಳಿ, ನೆನಪಿನ ಪರೀಕ್ಷೆ ಕೊಟ್ಟಿದ್ದೆ. ‘ದ ರಿಸಲ್ಟ್ಸ್ ಪ್ರೂವ್ ದಟ್ ಸ್ಲೀಪ್ ಇಂಪ್ರೂವ್ಸ್ ಮೆಮೊರಿ’ ಅಂತ ಬರೆದೆ. ಗೈಡ್ ‘ಪ್ರೂವ್’ ಹೊಡೆದುಹಾಕಿದ್ದಾರೆ. ‘ಸಜೆಸ್ಟ್’ ಹಾಕಿದರೆ ಆಯಿತಾ?

ಸಂಪಾದಕಿ: ಆಗಲಿಲ್ಲ, ನಿಜವಾದ ತೊಂದರೆ ‘ಇಂಪ್ರೂವ್ಸ್’ನಲ್ಲಿದೆ. ನಿದ್ದೆಯೇ ಕಾರಣ ಎಂದು ಅದು ಹೇಳಿಬಿಡುತ್ತದೆ. ಕಡಿಮೆ ಮಲಗುವವರಿಗೆ ಒತ್ತಡವೂ ಹೆಚ್ಚಿದ್ದು, ನೆನಪು ಕುಂದಿದ್ದು ಅದರಿಂದಲೇ ಇರಬಹುದು. ನಿಮಗೆ ಸಿಕ್ಕಿರುವುದು ನಂಟು ಮಾತ್ರ. ‘ದ ರಿಸಲ್ಟ್ಸ್ ಸಜೆಸ್ಟ್ ದಟ್ ಲಾಂಗರ್ ಸ್ಲೀಪ್ ಈಸ್ ಅಸೋಸಿಯೇಟೆಡ್ ವಿತ್ ಬೆಟರ್ ರೀಕಾಲ್’ ಎನ್ನಿ. ಆದರೆ ಕೋಷ್ಟಕದ ಅಂಕಿಗೆ ‘ಸಜೆಸ್ಟ್’ ಬೇಡ, ಎಣಿಸಿದ್ದಕ್ಕೆ ‘ಶೋ’. ‘ಮೇ ಪಾಸಿಬ್ಲಿ ಸಜೆಸ್ಟ್’ ಅಂತೂ ಬರೆಯಲೇಬೇಡಿ. ‘ಸಜೆಸ್ಟ್’ ಒಳಗೇ ‘ಇರಬಹುದು’ ಇದೆ. ಮೂರು ಸಲ ಹಿಂಜರಿದರೆ ಹೇಳಿದ್ದೇ ಉಳಿಯುವುದಿಲ್ಲ.

ಮಂಜುನಾಥ: ಫಾರ್ವರ್ಡ್: ‘ಶೋ ಬದಲು 25 ಪದಗಳು: ಸಜೆಸ್ಟ್, ಇಂಡಿಕೇಟ್, ಪ್ರೂವ್… ಎಲ್ಲ ಒಂದೇ ಅರ್ಥ’. ಎಲ್ಲರಿಗೂ ಉಪಯೋಗ.

ಸಂಪಾದಕಿ: ಈ ಪಟ್ಟಿ ದಯವಿಟ್ಟು ಹಂಚಬೇಡಿ. ‘ಸಜೆಸ್ಟ್’ ಮೆದು, ‘ಇಂಡಿಕೇಟ್’ ತುಸು ಗಟ್ಟಿ, ‘ಡೆಮಾನ್‌ಸ್ಟ್ರೇಟ್’ ಇನ್ನೂ ಗಟ್ಟಿ, ‘ಪ್ರೂವ್’ ಗಣಿತಕ್ಕಿರಲಿ. ಪದ ಮತ್ತೆ ಮತ್ತೆ ಬರುತ್ತದೆಂದು ಬದಲಿಸಿದರೆ ನಿಮ್ಮ ವಾದವೇ ಬದಲಾಗುತ್ತದೆ.

ಕಿರಣ್: ‘ಡೇಟಾ ಸಜೆಸ್ಟ್ಸ್’ ಎನ್ನುವವರನ್ನೂ ತಿದ್ದಿ. ಡೇಟಾ ಬಹುವಚನ.

ಮಂಜುನಾಥ: ಏಕವಚನವೂ ನಡೆಯುತ್ತದೆ. ನಿಘಂಟು ತೆಗೆದು ನೋಡಿ.

ಕಿರಣ್: ಲ್ಯಾಟಿನ್‌ನಲ್ಲಿ ‘ಡೇಟಮ್’ ಏಕವಚನ.

ಮಂಜುನಾಥ: ‘ಅಜೆಂಡಾ’ ಕೂಡ ಲ್ಯಾಟಿನ್ ಬಹುವಚನವೇ. ‘ಅಜೆಂಡಾ ಆರ್’ ಅಂತ ಬರೀತೀರಾ?

ಕಿರಣ್: ಪಟ್ಟಿ ಫಾರ್ವರ್ಡ್ ಮಾಡಿದವರು ವ್ಯಾಕರಣ ಹೇಳಬೇಡಿ.

ಸಂಪಾದಕಿ: ಸಾಕು. ಎರಡೂ ಸರಿ. ಜರ್ನಲ್ ಕೇಳಿದ್ದನ್ನು ಹಾಕಿ. ಒಂದೇ ಪ್ರಬಂಧದಲ್ಲಿ ಎರಡೂ ಬೇಡ.

ದೀಪಕ್: ‘ಸಜೆಸ್ಟ್’ಗೂ ‘ಇಂಪ್ಲೈ’ಗೂ ಏನು ವ್ಯತ್ಯಾಸ?

ಸುಧಾ: ‘ಐ ಸಜೆಸ್ಟೆಡ್ ದಟ್ ಹಿ ಗೋ’. ‘ವೆಂಟ್’ ಯಾಕಲ್ಲ?

ಸಂಪಾದಕಿ: ಸಲಹೆಯಾದರೆ ಕ್ರಿಯಾಪದ ಮೂಲರೂಪದಲ್ಲಿ: ‘ಹಿ ಗೋ’, ಇಲ್ಲವೇ ‘ಹಿ ಶುಡ್ ಗೋ’. ಊಹೆಯಾದರೆ ಮಾಮೂಲಿ ಕಾಲ: ‘ದ ಲೆಟರ್ಸ್ ಸಜೆಸ್ಟ್ ದಟ್ ಹಿ ವೆಂಟ್’.

ನವೀನ್: ‘ಸಜೆಸ್ಟ್ ಹಿಮ್ ಎ ಬುಕ್’ ಅನ್ನಬಹುದಾ ಮೇಡಂ?

ಸಂಪಾದಕಿ: ಮೊದಲ ಉತ್ತರ ಓದಿ.

ದೀಪಕ್: ನನ್ನ ಪ್ರಶ್ನೆ?

ಅನಿತಾ: ‘ಇಟ್ ಹ್ಯಾಸ್ ಬೀನ್ ಸಜೆಸ್ಟೆಡ್ ದಟ್’ ಅಂತ ಅಧ್ಯಾಯ ಶುರು ಮಾಡಬಹುದಾ?

ಸಂಪಾದಕಿ: ಹೇಳಿದ್ದು ಯಾರು? ಬೇರೆಯವರಾದರೆ ಅಲ್ಲೇ ಆಧಾರ ಕೊಡಿ. ನೀವೇ ಆದರೆ ‘ಐ ಸಜೆಸ್ಟ್’.