ಮೆಕ್‌ಟಾಮಿನೇ ಗೆದ್ದಿದ್ದು ಮೈಕಟ್ಟಿನಿಂದಲೋ, ನಿಂತ ಜಾಗದಿಂದಲೋ?

ಮಿಡ್‌ಫೀಲ್ಡ್ ಮಂಜ:
ಸ್ಕಾಟ್ ಮೆಕ್‌ಟಾಮಿನೇ 2024ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ಇಟಲಿಯ ನಾಪೋಲಿಗೆ ಹೋದಾಗ ಎಷ್ಟೋ ಯುನೈಟೆಡ್ ಅಭಿಮಾನಿಗಳು ಪೀಡೆ ತೊಲಗಿತು ಅಂದಿದ್ದರು. ಹೋದ ಮೊದಲ ವರ್ಷವೇ ಲೀಗ್‌ನಲ್ಲಿ 12 ಗೋಲು, ಇಟಲಿಯ ಚಾಂಪಿಯನ್ ಪಟ್ಟ, ಜೊತೆಗೆ ಅಲ್ಲಿನ ಲೀಗ್ ಸೀರಿ ಎ ಕೊಡುವ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ. ಇನ್ನೂ ಎಷ್ಟು ದಿನ ಮಿಡ್‌ಫೀಲ್ಡ್ ಅಂದರೆ ಪಾಸ್, ಪಾಸ್ ಅಂತ ಜಪ ಮಾಡುತ್ತೀರಿ? ನಮ್ಮ ಗೋಲಿನ ಮುಂದಿನ ಬಾಕ್ಸಿಂದ ಎದುರಾಳಿಯ ಬಾಕ್ಸಿಗೆ 90 ನಿಮಿಷ ಓಡುವ ಗಟ್ಟಿ ಆಳು ಒಬ್ಬ ಇದ್ದರೆ ಅರ್ಧ ಮ್ಯಾಚ್ ಗೆದ್ದ ಹಾಗೆ.

ಟಿಕಿಟಾಕಾ ಶೆಟ್ಟಿ:
ಅರ್ಧ ಮ್ಯಾಚಾ? ಅದೇ ಎತ್ತರ, ಅದೇ ಕಾಲು ಇಟ್ಟುಕೊಂಡು ಏಳು ವರ್ಷ ಯುನೈಟೆಡ್ ಸೀನಿಯರ್ ತಂಡದಲ್ಲಿ ಇದ್ದನಲ್ಲ, ಆಗೆಲ್ಲಿ ಹೋಗಿತ್ತು? ಇನ್ನೊಬ್ಬ ಮಿಡ್‌ಫೀಲ್ಡರ್ ಫ್ರೆಡ್ ಪಕ್ಕ ಡಿಫೆನ್ಸ್ ಮುಂದೆ ನಿಲ್ಲಿಸಿದರೆ ಚೆಂಡು ಕೇಳುವುದಕ್ಕೇ ಹೆದರುತ್ತಿದ್ದ, ಬಂದರೂ ವಾಪಸ್ ಸೆಂಟರ್ ಬ್ಯಾಕ್‌ಗೆ. ಇಟಲಿ ಲೀಗ್‌ನಲ್ಲಿ ನಾಪೋಲಿಗಿಂತ ಒಂದೇ ಪಾಯಿಂಟ್ ಹಿಂದೆ ಉಳಿದ ಇಂಟರ್ ಮಿಲಾನ್‌ಗೆ 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ 5-0 ಬಾರಿಸಿತು. ಅಲ್ಲಿ ನಡುವೆ ಆಡಿದ ವಿಟಿನ್ಯಾ, ಜೊವಾವ್ ನೆವೆಸ್ ಇಬ್ಬರೂ ಕುಳ್ಳರು. ಮೈಕಟ್ಟಿನ ಕಥೆ ಅಲ್ಲಿಗೆ ಮುಗಿಯಿತು.

ಕುಡ್ಲದ ಕೀಪರ್:
ಮಾರಾಯ್ರೆ, ಎತ್ತರ ಬೇರೆ, ದಮ್ಮು ಬೇರೆ. ನೆವೆಸ್ ಕುಳ್ಳ, ಒಪ್ಪಿದೆ. ಆದ್ರೆ ಅವನ ಹಾಗೆ ಓಡಿ ಓಡಿ ಚೆಂಡು ಕಿತ್ತುಕೊಳ್ಳುವವರು ಎಷ್ಟು ಜನ ಇದ್ದಾರೆ? ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆ ಏನು ದೈತ್ಯನಾ? 2016ರಲ್ಲಿ ಲೆಸ್ಟರ್ ಜೊತೆ ಇಂಗ್ಲೆಂಡ್ ಲೀಗ್ ಗೆದ್ದ, ಮರುವರ್ಷ ಚೆಲ್ಸೀ ಜೊತೆ ಮತ್ತೆ ಗೆದ್ದ. ಎದುರಾಳಿಗೆ ತೊಂದರೆ ಕೊಡುವುದು ಓಟ, ಭುಜದ ಅಗಲ ಅಲ್ಲ.

ಮಿಡ್‌ಫೀಲ್ಡ್ ಮಂಜ:
ಭುಜವೂ ಬೇಕು ಗುರು. 2023ರ ಅಕ್ಟೋಬರ್‌ನ ಬ್ರೆಂಟ್‌ಫರ್ಡ್ ಮ್ಯಾಚ್ ನೆನಪಿದೆಯಾ? ಯುನೈಟೆಡ್ 0-1 ಹಿಂದೆ, ಇವನು ಕೊನೆಗೆ ಬದಲಿಯಾಗಿ ಇಳಿದ. ಇಂಜುರಿ ಟೈಮ್‌ನಲ್ಲಿ ಎರಡು ಗೋಲು. ಎರಡನೆಯದಂತೂ ಮಗ್ವಾಯರ್ ತಲೆಯಲ್ಲಿ ತಿರುಗಿಸಿ ಕೊಟ್ಟ ಚೆಂಡಿಗೆ ಇವನ ತಲೆ. ವಿಟಿನ್ಯಾ ಆ ಗೋಲು ಹೊಡೆಯುತ್ತಾನಾ?

ಟಿಕಿಟಾಕಾ ಶೆಟ್ಟಿ:
ಸುಮ್ನೆ ಅವನನ್ನು ಸ್ಟ್ರೈಕರ್ ಅಂತ ಕರೆಯಿರಿ, ಜಗಳ ಮುಗಿಯುತ್ತದೆ 😄

ಲೊಬೊಟ್ಕಾ ಲೋಕೇಶ:
ಶೆಟ್ರೆ, ನೀವು ತಮಾಷೆಗೆ ಹೇಳಿದಿರಿ, ಆದರೆ ವಿಷಯ ಅಲ್ಲೇ ಇದೆ. ನಾಪೋಲಿಯಲ್ಲಿ ಡಿಫೆನ್ಸಿಂದ ಚೆಂಡು ಇಸಿದುಕೊಳ್ಳುವ ಕೆಲಸ ಮಿಡ್‌ಫೀಲ್ಡರ್ ಲೊಬೊಟ್ಕಾದು. ಬೆನ್ನ ಮೇಲೆ ಇಬ್ಬರು ಬಂದರೂ ಆ ಪುಟ್ಟ ಮನುಷ್ಯ ಸೊಂಟ ಒಂದು ತಿರುಗಿಸಿ ಆಚೆ ಬರುತ್ತಾನೆ. ಆ ವರ್ಷ ಮುಂದೆ ಸ್ಟ್ರೈಕರ್ ಲುಕಾಕು ಸೆಂಟರ್ ಬ್ಯಾಕ್‌ಗಳನ್ನು ಹಿಡಿದು ನಿಲ್ಲಿಸಿರುತ್ತಿದ್ದ, ಅವರು ಅವನನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಆಗ ಹಿಂದಿನಿಂದ ಓಡಿ ಬರುವ ಮೆಕ್‌ಟಾಮಿನೇಯನ್ನು ಹಿಡಿಯುವವರು ಯಾರು? ಪಟ್ಟ ನಿರ್ಧಾರವಾದ ಕಾಲ್ಯಾರಿ ಮ್ಯಾಚ್ ನೋಡಿ. ಬಲಗಡೆಯಿಂದ ಪೊಲಿಟಾನೋ ಕ್ರಾಸ್ ಹಾಕಿದ, ಇವನು ಗಾಳಿಯಲ್ಲಿ ಅಡ್ಡ ಮಲಗಿ ಕತ್ತರಿ ಹೊಡೆದ. ಹೊಡೆತ ಎಲ್ಲರೂ ನೋಡಿದರು, ಆ ಹೊತ್ತಿಗೆ ಅಲ್ಲಿ ಬಂದು ಮುಟ್ಟಿದ್ದನ್ನು ಯಾರೂ ಮಾತಾಡುವುದಿಲ್ಲ. ಅವನು ಬಿಟ್ಟು ಬಂದ ಜಾಗವೂ ಖಾಲಿ ಇರುತ್ತಿರಲಿಲ್ಲ. ಆ ವರ್ಷ ನಾಪೋಲಿ ತಿಂದಿದ್ದು 27 ಗೋಲು, ಲೀಗ್‌ನಲ್ಲೇ ಕಡಿಮೆ.

ಕಂಠೀರವದ ಖಾಯಂ ಗಿರಾಕಿ:
ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಮಿಡ್‌ಫೀಲ್ಡ್‌ಗೆ ಎರಿಕ್ ಪಾರ್ಟಲು, ಡಿಮಾಸ್ ಡೆಲ್ಗಾಡೋ ಜೋಡಿ ಇತ್ತಲ್ಲ, ಅದೇ ಲೆಕ್ಕ. ಪಾರ್ಟಲು ಬಾಕ್ಸ್ ಟು ಬಾಕ್ಸ್ ಅಲ್ಲ ಬಿಡಿ, ಆದರೆ ಕಾರ್ನರ್ ಬಂತು ಅಂದರೆ ಎಲ್ಲರ ಕಣ್ಣೂ ಅವನ ತಲೆ ಮೇಲೆ. ಆಟ ನಡೆಸುತ್ತಿದ್ದವನು ಡಿಮಾಸ್. ಒಬ್ಬನನ್ನೇ ಇಟ್ಟುಕೊಂಡು ನೋಡಿ, ಇನ್ನೊಬ್ಬನ ಬೆಲೆ ಗೊತ್ತಾಗುತ್ತದೆ.

ಕುಡ್ಲದ ಕೀಪರ್:
ಮತ್ತೆ ಈ ಓಡುವ ಆಟಕ್ಕೆ ಆಯಸ್ಸು ಕಡಿಮೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಚೆಲ್ಸೀಯ ಎಸ್ಸಿಯನ್‌ಗೆ ಮೊಣಕಾಲು ಒಂದಾದ ಮೇಲೊಂದು ಸಲ ಕೈಕೊಟ್ಟಿತು, ಆಮೇಲೆ ಹಳೆಯ ಎಸ್ಸಿಯನ್ ಕಾಣಲೇ ಇಲ್ಲ. ಮ್ಯಾಂಚೆಸ್ಟರ್ ಸಿಟಿಯ ಯಾಯಾ ಟೂರೆ 2013-14ರಲ್ಲಿ ಲೀಗ್‌ನಲ್ಲೇ 20 ಗೋಲು ಹೊಡೆದ, ಅಬ್ಬಾ ಅನ್ನಿಸುವ ಹಾಗೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮುಂದಕ್ಕೆ ಹೋದವನು ಹಿಂದಕ್ಕೆ ಬರುವಾಗ ನಡೆದುಕೊಂಡು ಬರುತ್ತಿದ್ದ. ಪಾಸ್ ಕೊಡುವವನು 35ರಲ್ಲೂ ಕೊಡುತ್ತಾನೆ.

ಮಿಡ್‌ಫೀಲ್ಡ್ ಮಂಜ:
ಅದಕ್ಕೇ ನೋಡಿ, ಬೆಲೆ ಸರಿ ಇರಬೇಕು. ಮೆಕ್‌ಟಾಮಿನೇಗೆ ನಾಪೋಲಿ ಕೊಟ್ಟಿದ್ದು ಸುಮಾರು 3 ಕೋಟಿ ಯೂರೋ. ಮಿಡ್‌ಫೀಲ್ಡರ್ ಡೆಕ್ಲನ್ ರೈಸ್‌ಗೆ ಆರ್ಸೆನಲ್ ಬೋನಸ್ ಎಲ್ಲ ಸೇರಿ 10.5 ಕೋಟಿ ಪೌಂಡ್ ಒಪ್ಪಿತು. ಇಷ್ಟು ಸೋವಿಯಲ್ಲಿ 12 ಗೋಲಿನ ಮಿಡ್‌ಫೀಲ್ಡರ್ ಇನ್ನೆಲ್ಲಿ ಸಿಗುತ್ತಾನೆ?

ಟಿಕಿಟಾಕಾ ಶೆಟ್ಟಿ:
ತನ್ನಿ, ಬೇಡ ಅಂದವರು ಯಾರು. ಆದ್ರೆ ಮೊದಲು ಲೊಬೊಟ್ಕಾ ತನ್ನಿ, ಆಮೇಲೆ ಮೆಕ್‌ಟಾಮಿನೇ. ಯುನೈಟೆಡ್ ಯಾವತ್ತೂ ಉಲ್ಟಾ ಮಾಡಿತು.

ಮಿಡ್‌ಫೀಲ್ಡ್ ಮಂಜ:
2023-24ರಲ್ಲೂ ಲೊಬೊಟ್ಕಾ ನಾಪೋಲಿಯಲ್ಲೇ ಇದ್ದ ಶೆಟ್ರೆ. ತಂಡ ಬಂದಿದ್ದು 10ನೇ ಸ್ಥಾನ.

ಲೊಬೊಟ್ಕಾ ಲೋಕೇಶ:
ಆ ವರ್ಷ ಕೋಚ್ ಆಂಟೋನಿಯೊ ಕೋಂಟೆ ಇರಲಿಲ್ಲ ಅನ್ನುವುದನ್ನು ಜಾಣತನದಿಂದ ಬಿಟ್ಟಿರಿ ಅಲ್ವಾ ಮಂಜಣ್ಣ.