ಸಹಾಯ ಬೇಕು: ಕುಂಡದ ನಿಂಬೆಗಿಡಕ್ಕೆ ನೀರು ಒಳಗೆ ಇಳೀತಿಲ್ಲ

14 ಇಂಚಿನ ಕುಂಡದಲ್ಲಿರೋ ನಿಂಬೆಗಿಡ, ಈಗಷ್ಟೇ ಕಾಯಿ ಕಚ್ಚಿದೆ. ನೀರು ಹಾಕಿದ ತಕ್ಷಣ ತಳದ ತೂತಿಂದ ಹರಿದುಹೋಗುತ್ತೆ, ಆದ್ರೆ ಮಧ್ಯಾಹ್ನಕ್ಕೆ ಎಲೆ ಮುದುರುತ್ತೆ. ಕಡ್ಡಿ ಚುಚ್ಚಿ ನೋಡಿದ್ರೆ ಅಂಚೆಲ್ಲ ಒದ್ದೆ, ನಡುವಲ್ಲಿ ಪುಡಿಪುಡಿ ಒಣಮಣ್ಣು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಣಗಿ ಕುಗ್ಗಿದ್ದಕ್ಕೆ ಕುಂಡದ ಗೋಡೆ ಪಕ್ಕ ಬೆರಳು ತೂರುವಷ್ಟು ಸಂದಿ ಬಿಟ್ಟಿದೆ. ನೀರೆಲ್ಲ ಅಲ್ಲಿಂದಲೇ ಜಾರಿಹೋಗ್ತಿದೆ.

ಸಂದಿಗೆ ಮಣ್ಣು ತುಂಬಿ ಒತ್ತಿದ್ದಾಯ್ತು, ಗಂಟೆಗೆ 2 ಲೀಟರ್ ನೀರು ಹನಿಹನಿಯಾಗಿ ಬಿಡೋ ಡ್ರಿಪ್ಪರ್ ಕೂರಿಸಿದ್ದಾಯ್ತು. ಟಬ್ಬಿನಲ್ಲಿ ಗುಳ್ಳೆ ನಿಲ್ಲೋವರೆಗೂ ಮುಳುಗಿಸಿದ್ರೆ ಮಾತ್ರ ನಡುಮಣ್ಣು ನೆನೆಯುತ್ತೆ, ಆಮೇಲೆ ಬೇಗನೆ ಮತ್ತೆ ಒಣಗುತ್ತೆ. ತೂತಲ್ಲಿ ಬೇರು ಇಣುಕ್ತಿದೆ, ಅಂದ್ರೆ ಒಳಗೂ ಸುತ್ತಿಕೊಂಡಿರಬೇಕು. ಈಗ ಬೇರು ಕತ್ತರಿಸಿದ್ರೆ ಕಾಯಿ ಉದುರುತ್ತೆ ಅನ್ನೋದೇ ಚಿಂತೆ.

ಬೇರು ಮುಟ್ಟದೆ ಹಾಗೇ 18 ಇಂಚಿನ ಕುಂಡಕ್ಕೆ ಇಳಿಸಬಹುದಾ, ಇಲ್ಲಾ ಕಾಯಿ ಕೀಳೋವರೆಗೂ ಮುಳುಗಿಸ್ತಾ ಕಾಯೋದೇ ಒಳ್ಳೇದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.