‘ಸೆವೆನ್ ಸಮುರಾಯ್’ ಕೊನೆಯಲ್ಲಿ ‘ಸೋತೆವು’ ಅನ್ನೋದು ಯಾಕೆ?

ಪ್ರಶ್ನೆ: ಜಪಾನಿ ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ಸಿನಿಮಾ ನೋಡಿದೆ. ಡಕಾಯಿತರಿಂದ ಊರು ಕಾಯಲು ರೈತರು ಏಳು ಸಮುರಾಯ್‌ಗಳನ್ನು (ಕತ್ತಿವರಸೆಯ ಯೋಧರನ್ನು) ಕರೆತರುವ ಕತೆ. 40 ಡಕಾಯಿತರೂ ಸತ್ತರು, ಊರು ಉಳಿಯಿತು. ಆದರೂ ಕೊನೆಗೆ ಸಮುರಾಯ್‌ಗಳ ಮುಖಂಡ ಕಾಂಬೇಯಿ ‘ಈ ಸಲವೂ ಸೋತೆವು, ಗೆದ್ದವರು ಆ ರೈತರು’ ಅಂತಾನೆ. ಏಳು ಜನರಲ್ಲಿ ನಾಲ್ವರು ಸತ್ತ ದುಃಖಕ್ಕೆ ಹಾಗಂದನೇ? ಸಿನಿಮಾ ಸಂಕಲನ (ಎಡಿಟಿಂಗ್) ಮಾಡುವವರು ಯಾರಾದರೂ ಬಿಡಿಸಿ ಹೇಳಿ.

ಉತ್ತರ: ದುಃಖ ಇದ್ದೇ ಇದೆ ಸರ್. ಆದರೆ ಆ ಮಾತಿಗೆ ಮುಂಚಿನ ಶಾಟ್‌ಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮಳೆ, ಕೆಸರು, ಏಳು ಜನರಲ್ಲೇ ಕಿರಿಯ ಕಾತ್ಸುಶಿರೋನ ಅಳು, ಆಮೇಲೆ ಪರದೆ ಪೂರಾ ಕಪ್ಪು. ಮರುಕ್ಷಣ ಬಿಸಿಲು, ಡೋಲು, ಕೊಳಲು, ನಾಟಿ ಹಾಡು. ನಡುವೆ ಶವಸಂಸ್ಕಾರ ತೋರಿಸಿಲ್ಲ, ಊರವರು ಕೈಮುಗಿದು ಬೀಳ್ಕೊಡುವುದನ್ನೂ ತೋರಿಸಿಲ್ಲ. ಅಂಥ ಒಂದು ದೃಶ್ಯ ಸೇರಿಸಿದ್ದರೆ ಕಾಂಬೇಯಿ ಮಾತು ಅಲ್ಲೇ ಸಡಿಲವಾಗುತ್ತಿತ್ತು.

ಅಗೆ ಹೊತ್ತು ಬರುವ ಶಿನೋ, ಕಾತ್ಸುಶಿರೋ ಪ್ರೀತಿಸಿದ ರೈತರ ಹುಡುಗಿ, ಅವನ ಎದುರು ಒಂದು ಗಳಿಗೆ ನಿಲ್ಲುತ್ತಾಳೆ. ಮಾತಿಲ್ಲ. ಅವನನ್ನು ದಾಟಿ ಗದ್ದೆಗಿಳಿದು, ಎಲ್ಲರ ಜೊತೆ ದನಿ ಏರಿಸಿ ಹಾಡುತ್ತಾಳೆ. ಸಮುರಾಯ್‌ಗಳಿಗೆ ಆ ಊರಲ್ಲಿ ಇನ್ನು ಜಾಗವಿಲ್ಲ ಅನ್ನೋದು ಅಷ್ಟರಲ್ಲೇ ಗೊತ್ತಾಗಿಬಿಡುತ್ತೆ. ಕಾಂಬೇಯಿ ಮಾತು ಬರೋದು ಆಮೇಲೆ. ಮಾತು ಮುಗಿದದ್ದೇ ಕ್ಯಾಮೆರಾ ಮೇಲಕ್ಕೆ ಹೋಗುತ್ತೆ: ದಿಬ್ಬದ ಮೇಲೆ ನಾಲ್ಕು ಮಣ್ಣಿನ ಗುಡ್ಡೆ, ಒಂದೊಂದರಲ್ಲೂ ನೆಟ್ಟ ಕತ್ತಿ, ಗಾಳಿಗೆ ಏಳುವ ಧೂಳು. ಕೆಳಗೆ ನೆಟ್ಟದ್ದು ಚಿಗುರುತ್ತೆ, ಮೇಲೆ ನೆಟ್ಟದ್ದು ತುಕ್ಕು ಹಿಡಿಯುತ್ತೆ.

ಮರುಪ್ರಶ್ನೆ: ನಾಲ್ವರೂ ಗುಂಡಿಗೇ ಸಾಯ್ತಾರೆ. ಬೇಕಂತಲೇ ಹಾಗೆ ಮಾಡಿದ್ದಾ?

ಉತ್ತರ: ಹೌದು, ಕತೆಯ ಬೆನ್ನೆಲುಬೇ ಅದು. ಕೋವಿ ಜಪಾನಿಗೆ ಬಂದದ್ದು 1543ರಲ್ಲಿ, ಪೋರ್ಚುಗೀಸರ ಜೊತೆ, ತನೆಗಾಶಿಮಾ ದ್ವೀಪಕ್ಕೆ. ಕತೆ ನಡೆಯೋದು ಅದೇ ಶತಮಾನದ ಕೊನೆಗೆ. ಡಕಾಯಿತರ ಹತ್ತಿರ ಇದ್ದದ್ದು ಮೂರೇ ಕೋವಿ. ಏಳು ಜನರಲ್ಲಿ ಕ್ಯೂಜೋ ಒಂದನ್ನು, ಕಿಕುಚಿಯೋ ಇನ್ನೊಂದನ್ನು ಕಿತ್ತು ತರ್ತಾರೆ. ಉಳಿದ ಆ ಒಂದೇ ಕೋವಿ ಕೊನೆಗೆ ಇವರಿಬ್ಬರನ್ನೂ ತಿನ್ನುತ್ತೆ. ಕತ್ತಿವರಸೆಯಲ್ಲಿ ಕ್ಯೂಜೋನನ್ನು ಮೀರಿಸುವವರಿಲ್ಲ, ಆದರೆ ಗುಡಿಸಲಲ್ಲಿ ಅವಿತವನ ಗುಂಡಿನ ಮುಂದೆ ಆ ವಿದ್ಯೆ ಲೆಕ್ಕಕ್ಕೇ ಬರಲಿಲ್ಲ. ಬರೀ ನಾಲ್ವರಲ್ಲ, ಅವರ ಕಸುಬೇ ಮುಗಿಯುತ್ತಿದೆ.

ಇನ್ನೊಂದು ಮಾತು: 207 ನಿಮಿಷದ ಪೂರ್ಣ ಆವೃತ್ತಿಯನ್ನೇ ನೋಡಿ. ಸಮುರಾಯ್‌ಗಳಿಗೆ ಹೆದರಿ ರೈತ ಮಾಂಜೋ ತನ್ನ ಮಗಳು ಶಿನೋಳ ಕೂದಲು ಕತ್ತರಿಸುವ ದೃಶ್ಯ ನೆನಪಲ್ಲಿದ್ದರೆ, ಗದ್ದೆಬದಿಯಲ್ಲಿ ಅವಳು ಯಾಕೆ ಮಾತಾಡದೆ ದಾಟಿ ಹೋದಳು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.